ಬಲಗಡೆಯ ಮುಖ

ಸತ್ತು ನಾಲ್ಕು ವರ್ಷವಾದ ತಂಗಿಯ ಫೋಟೋವನ್ನು, ಅಕ್ಕನದೇ ಆರು ತಿಂಗಳ ನಂತರದ ಮುಖವೆಂದು, ಕಂಪನಿಯವರು ಸುಕ್ಕು ಹೋಗಿಸುವ ಗುಳಿಗೆಯ ಡಬ್ಬಿಯ ಮೇಲೆ ಅಚ್ಚು ಹಾಕಿಸಿದರು. ಎಡಗಡೆ ಅಕ್ಕ, ಬಲಗಡೆ ತಂಗಿ. ಎಡಗಡೆಯ ಮುಖದ ಕೆಳಗೆ ‘ಮೊದಲು’ ಎಂದಿತ್ತು, ಬಲಗಡೆಯದರ ಕೆಳಗೆ ‘ಆಮೇಲೆ’. ನಡುವೆ ಒಂದು ಹಸಿರೆಲೆ, ಎಲೆಯ ಮೇಲೆ ಒಂದು ಹನಿ ನೀರು.

ಆ ಡಬ್ಬಿಗಳು ಮೂರು ವಾರದ ಹಿಂದೆ, ಇನ್ನೂ ಮಡಿಸದ ಹಾಳೆಗಳಾಗಿ ಪ್ಯಾಕಿಂಗ್ ಕೋಣೆಗೆ ಬಂದು ಬಿದ್ದಾಗ, ಅಲ್ಲಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವಳನ್ನು ಕರೆಯುವುದೋ ಬೇಡವೋ ಎಂದು ಅರ್ಧ ಗಂಟೆ ಗುಸುಗುಸು ಮಾಡಿ, ಕೊನೆಗೆ ಲ್ಯಾಬಿನ ಬಾಗಿಲ ತನಕ ಬಂದು, ‘ಬಣ್ಣದಕ್ಕಾ, ಒಂದ್ನಿಮಿಷ ಬರ್ತೀರಾ’ ಎಂದು ಕರೆದಿದ್ದರು. ಗಾಜಿನ ನಳಿಗೆಯಲ್ಲಿ ನೇರಳೆ ಬಣ್ಣ ಹಳದಿಗೆ ತಿರುಗುವುದನ್ನು ಹದಿನೆಂಟು ವರ್ಷದಿಂದ ಕಾಯುತ್ತ ಕೂತವಳಿಗೆ ಅವರು ಇಟ್ಟ ಹೆಸರು ಅದು. ಅವಳು ಕೈಗವಸು ತೆಗೆಯದೆಯೇ ಹೋಗಿ ನೋಡಿದಳು. ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ಸಂತೋಷ. ಅದನ್ನು ನೆನೆದರೆ ಈಗಲೂ ಅವಳಿಗೆ ಕುತ್ತಿಗೆಯ ಹಿಂದೆ ಬಿಸಿಯಾಗುತ್ತದೆ. ನಾಲ್ಕು ವರ್ಷ ಗೋಡೆಯ ಮೇಲಿನ ಒಂದೇ ಒಂದು ಮಂಕು ಫೋಟೋದಲ್ಲಿ ಬಾಯಿ ಬಿಗಿದುಕೊಂಡು ನಿಂತಿದ್ದ ತಂಗಿ, ಈಗ ಮೇಜಿನ ಮೇಲೆ, ನೆಲದ ಮೇಲೆ, ಕಟ್ಟುಕಟ್ಟಾಗಿ, ಸಾವಿರ ಬಾಯಿಯಲ್ಲಿ ನಗುತ್ತಿದ್ದಳು. ‘ಏನ್ ಅನ್ಯಾಯ ಅಕ್ಕಾ ಇದು’ ಎಂದು ಯಾರೋ ಅಂದರು. ಅವಳು ‘ಹ್ಞೂಂ’ ಎಂದಳು. ಸಂಜೆ ಮನೆಗೆ ಹೋಗುವಾಗ ಒಂದು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಕದ್ದವಳ ಹಾಗೆ.

ಇವತ್ತು ಬೆಳಿಗ್ಗೆ ಆ ಹಾಳೆ ತಂಗಿಯ ಮಗಳ ಕೈಯಲ್ಲಿತ್ತು. ಬೀರುವಿನಲ್ಲಿ ಮಡಿಸಿಟ್ಟ ಚಾದರಗಳ ಕೆಳಗೆ ಬಚ್ಚಿಟ್ಟದ್ದು. ಹುಡುಗಿ ದುಪಟ್ಟಾ ಹುಡುಕಲು ಹೋದವಳು ಇದನ್ನು ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಹತ್ತೊಂಬತ್ತರ ಹುಡುಗಿ, ತಾಯಿ ಹೋದಾಗ ಹದಿನೈದು. ಅಂದಿನಿಂದ ಇದೇ ಮನೆ, ಇದೇ ಎರಡು ಕೋಣೆ, ಒಂದೇ ಕನ್ನಡಿ.

‘ದೊಡ್ಡಮ್ಮಾ, ಇದು ಅಮ್ಮ ಅಲ್ವಾ?’

ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಅವಳು ಹಾಲಿನ ಕಡೆಯೇ ನೋಡಿದಳು. ‘ಹೌದು ಪುಟ್ಟಿ.’

‘ಮತ್ತೆ ನೀನು ಅಂತ ಯಾಕೆ ಹಾಕಿದಾರೆ?’

‘ನಾವಿಬ್ರೂ ಒಂದೇ ಥರ ಇದೀವಲ್ಲ, ಅದಕ್ಕೆ.’

‘ಒಂದೇ ಥರ ಇದ್ರೆ? ನಾನೂ ನಿನ್ನ ಥರಾನೇ ಇದೀನಿ ಅಂತ ಎಲ್ರೂ ಅಂತಾರೆ. ನಾಳೆ ನನ್ನ ಫೋಟೋನೂ ಹಾಕ್ತಾರಾ, ಹನ್ನೆರಡು ತಿಂಗಳ ಆಮೇಲೆ ಅಂತ?’ ಹುಡುಗಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ‘ಇದು ಯಾರ ಬೆರಳು? ಇಲ್ಲಿ, ಅಮ್ಮನ ಭುಜದ ಮೇಲೆ.’

ಮೂರು ಬೆರಳು. ಫೋಟೋ ಕತ್ತರಿಸಿದವನ ಕಣ್ಣಿಗೆ ಕುಪ್ಪಸದ ಅಂಚಿನ ಹಾಗೆ ಕಂಡಿರಬೇಕು, ಬಿಟ್ಟುಬಿಟ್ಟಿದ್ದ. ಕಂಪನಿಗೆ ಹತ್ತು ವರ್ಷ ತುಂಬಿದ ದಿನ, ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದಾಗ, ಇವಳು ತಂಗಿಯ ಭುಜದ ಮೇಲೆ ಕೈಯಿಟ್ಟು ಅವಳ ಕಿವಿಯಲ್ಲಿ ಏನೋ ಹೇಳಿದ್ದಳು. ತಂಗಿ ಹಲ್ಲು ಬಿಟ್ಟು ನಕ್ಕ ಗಳಿಗೆಗೇ ಕ್ಯಾಮೆರಾ ಟಿಕ್ ಎಂದಿತ್ತು. ಏನು ಹೇಳಿದ್ದೆ? ಮೂರು ವಾರದಿಂದ ರಾತ್ರಿ ಹಗಲೆನ್ನದೆ ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಇಷ್ಟೊಂದು ಜನರ ಕೈಗೆ ಹೋಗುವ ಆ ನಗುವಿಗೆ ತಾನೇ ಕಾರಣ, ಆದರೆ ಕಾರಣವೇನೆಂದು ತನಗೇ ಗೊತ್ತಿಲ್ಲ.

‘ನನ್ನ ಬೆರಳು’ ಎಂದಳು.

‘ಅಂದ್ರೆ ನೀನೇ ನಿನ್ನ ಭುಜ ಹಿಡ್ಕೊಂಡು ನಿಂತಿದೀಯ.’ ಹುಡುಗಿ ನಗಲು ಹೋಗಿ ನಿಲ್ಲಿಸಿದಳು. ‘ಇವತ್ತು ಆ ಕಂಪನಿ ಸಭೇಲಿ ನಿಂಗೇನು ಕೆಲಸ? ನಿಜ ಹೇಳು.’

‘ಸುಮ್ನೆ ನಿಂತ್ಕೊಂಡ್ರೆ ಸಾಕಂತೆ.’

ಹಾಲು ಉಕ್ಕಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ತನ್ನ ಸುಳ್ಳನ್ನು ಸವರುತ್ತ ಹೋದಳು. ಸುಮ್ಮನೆ ನಿಲ್ಲುವುದಷ್ಟೇ ಆಗಿದ್ದರೆ! ಅದನ್ನು ಅವಳು ಹದಿನೆಂಟು ವರ್ಷದಿಂದ ಮಾಡುತ್ತ ಬಂದಿದ್ದಳು. ಬೆಳಿಗ್ಗೆ ಎಂಟಕ್ಕೆ ಬಿಳಿ ಕೋಟು ತೊಟ್ಟು, ಆ ದಿನದ ಪುಡಿಯ ಮಾದರಿಯನ್ನು—ದ್ರಾಕ್ಷಿ ಬೀಜದ್ದೋ, ದಾಳಿಂಬೆ ಸಿಪ್ಪೆಯದೋ, ಹಸಿರು ಚಹಾ ಎಲೆಯದೋ—ಸ್ಪಿರಿಟ್ಟಿನಲ್ಲಿ ಕರಗಿಸಿ, ನೇರಳೆ ದ್ರಾವಣದ ನಳಿಗೆಗೆ ಹನಿ ಹನಿಯಾಗಿ ಬಿಟ್ಟು, ಕಪ್ಪು ಪೆಟ್ಟಿಗೆಯೊಳಗೆ ಅರ್ಧ ಗಂಟೆ ಇಟ್ಟು, ತೆಗೆದು ನೋಡುವುದು. ನೇರಳೆ ಹೋಗಿ ಹುಲ್ಲಿನ ಹಳದಿಗೆ ತಿರುಗಿದರೆ ಮಾಲು ಪಾಸು. ತಂಗಿಯನ್ನು ಕೆಲಸಕ್ಕೆ ಸೇರಿಸಿದ ಹೊಸತರಲ್ಲಿ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದಳು. ತೋರಿಸಬಾರದಿತ್ತು. ತಂಗಿ ಸಿಪ್ಪೆ ಒಣಗಿಸುವ ಕೋಣೆಯಲ್ಲಿದ್ದವಳು. ದಾಳಿಂಬೆಯ ಒಗರು ಹಿಡಿದು ಅವಳ ಅಂಗೈ ಕಂದಾಗಿತ್ತು, ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಆ ಕಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯ ಹುಡುಗಿಯ ಹಾಗೆ ಬಗ್ಗಿ ನಳಿಗೆಯನ್ನು ನೋಡುತ್ತಿದ್ದಳು.

‘ಇದೇನಕ್ಕಾ ಇದು, ಬಣ್ಣ ಎಲ್ಲಿಗೆ ಹೋಯ್ತು?’

‘ನೇರಳೆ ಇತ್ತಲ್ಲ, ಅದು ಒಂಟಿ ಕಣ. ಜೋಡಿ ಇಲ್ಲದ್ದು. ಜೋಡಿ ಸಿಗೋವರೆಗೆ ಸಿಕ್ಕಿದ್ದನ್ನೆಲ್ಲ ಕಿತ್ಕೊಳ್ಳುತ್ತೆ. ನಮ್ಮ ಮೈಯೊಳಗೂ ಅಂಥವು ಇರ್ತವೆ, ಅವು ಕಿತ್ತೂ ಕಿತ್ತೂ ಮೈಗೆ ತುಕ್ಕು ಹಿಡಿಯುತ್ತೆ, ವಯಸ್ಸಾಗುತ್ತೆ ಅಂತಾರೆ. ಈ ಪುಡಿ ಅದಕ್ಕೆ ಬೇಕಾದ್ದನ್ನ ಕೊಟ್ಟು ಸುಮ್ಮನಿರಿಸುತ್ತೆ.’

‘ಓ, ನಮ್ಮನೆಯವ್ರ ಹಾಗೆ’ ಎಂದಿದ್ದಳು ತಂಗಿ. ಗಂಡ ಮನೆ ಬಿಟ್ಟು ಹೋಗಿ ಆಗ ಒಂದು ವರ್ಷವಾಗಿತ್ತು. ‘ಒಂದು ಚಮಚ ಕುಡಿಸಿದ್ರೆ ಮನೇಲಿ ಕೂರ್ತಿದ್ರೇನೋ. ನೀನು ಮೊದ್ಲೇ ಹೇಳ್ಬಾರ್ದಿತ್ತಾ?’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಳಿಗೆಯಲ್ಲಿ ಆದದ್ದು ಮೈಯಲ್ಲಿ ಆಗುತ್ತದೆಯೆ? ಆಗಲೂಬಹುದು, ಆಗದೆಯೂ ಇರಬಹುದು. ದೊಡ್ಡ ದೊಡ್ಡ ಓದು ಓದಿದವರೇ ಇನ್ನೂ ಕಿತ್ತಾಡುತ್ತಿದ್ದಾರೆಂದು ಅವಳು ಲ್ಯಾಬಿನ ಪತ್ರಿಕೆಗಳಲ್ಲಿ ಓದಿದ್ದಳು. ಗಾಜು ಗಾಜೇ, ಹೊಟ್ಟೆ ಹೊಟ್ಟೆಯೇ. ಅದನ್ನು ತಂಗಿಗೆ ಹೇಳಲಿಲ್ಲ. ತಾನು ಏನೋ ಬಲ್ಲವಳು ಎಂಬಂತೆ ತಂಗಿ ತನ್ನನ್ನು ನೋಡುತ್ತಿದ್ದ ಆ ನೋಟವನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಕಸ ಗುಡಿಸುವವರು, ಸಿಪ್ಪೆ ಹೊರುವವರು, ಗುಳಿಗೆ ತುಂಬುವವರು, ಇವರೆಲ್ಲರ ನಡುವೆ ಬಿಳಿ ಕೋಟು ತೊಟ್ಟ ಒಬ್ಬಳೇ ಹೆಂಗಸು. ಆ ಕೋಟಿಗೆ ಬೆಲೆ ಕೊಟ್ಟವಳು ತಂಗಿ ಒಬ್ಬಳೇ.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಎದುರಿನ ಔಷಧಿ ಅಂಗಡಿಯ ಗಾಜಿಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಎರಡು ಮುಖ. ಆಳೆತ್ತರದ ತಂಗಿ. ಅವಳ ಮುಂದೆ ಒಬ್ಬ ಮುದುಕ ಛತ್ರಿ ಮಡಿಸುತ್ತಿದ್ದ. ಬಸ್ಸಿನಲ್ಲಿ ಇವಳ ಪಕ್ಕ ಕೂತ ಹೆಂಗಸು ಗಾಜಿನತ್ತ ನೋಡಿ, ಇವಳತ್ತ ನೋಡಿ, ಮತ್ತೆ ಗಾಜಿನತ್ತ ನೋಡಿ, ಎಡಗಡೆಯ ಮುಖವೇ ಪಕ್ಕದಲ್ಲಿ ಕೂತಿದೆ, ಇನ್ನೂ ಬಲಗಡೆಯದಾಗಿಲ್ಲ ಎಂದು ಖಾತ್ರಿಯಾದವಳಂತೆ ತುಟಿ ಕೊಂಕಿಸಿ ಮುಂದಕ್ಕೆ ತಿರುಗಿದಳು. ಅವಮಾನಕ್ಕೂ ಒಂದು ಅಳತೆಯಿದ್ದರೆ ಇದು ಅರ್ಧ ಹನಿ. ಆದರೆ ಅದು ಬಿದ್ದ ಜಾಗ ಉರಿಯಿತು. ಎರಡು ತಿಂಗಳ ಹಿಂದೆ, ಹೊಸ ಗುರುತಿನ ಚೀಟಿಗೆಂದು ಹೇಳಿ, ಅವಳನ್ನು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ, ‘ಕೂದ್ಲು ಬಾಚ್ಕೋಬೇಡಿ ಮೇಡಂ, ಹಾಗೇ ಇರ್ಲಿ, ನಗಬೇಡಿ’ ಎಂದಿದ್ದರು. ಗುರುತಿನ ಚೀಟಿಗೆ ನಗಬಾರದಿರಬಹುದು ಎಂದುಕೊಂಡು ಅವಳು ಹೇಳಿದಂತೆ ನಿಂತು, ಕೊಟ್ಟ ಕಾಗದಕ್ಕೆ ಸಹಿಯನ್ನೂ ಹಾಕಿದ್ದಳು. ಇವರಿಗೆ ಹದಿನೆಂಟು ವರ್ಷ ಕೈ ಕೊಟ್ಟಾಗಿತ್ತು, ಕಣ್ಣು ಕೊಟ್ಟಾಗಿತ್ತು. ಮುಖವೊಂದು ಉಳಿದಿತ್ತು, ಅದನ್ನೂ ಕೇಳದೆ ತೆಗೆದುಕೊಂಡರು. ಸತ್ತವಳದನ್ನೂ ಬಿಡಲಿಲ್ಲ.

ಸಭೆ ಇದ್ದದ್ದು ಒಂದು ಹೋಟೆಲಿನ ದೊಡ್ಡ ಹಾಲಿನಲ್ಲಿ. ನಾಲ್ಕಾರು ಜಿಲ್ಲೆಗಳ ಮಾರಾಟಗಾರರು ಕೊರಳಲ್ಲಿ ಚೀಟಿ ನೇತುಹಾಕಿಕೊಂಡು ಬಿಸ್ಕತ್ತು ತಿನ್ನುತ್ತಿದ್ದರು. ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದವನು ಮಾರಾಟದ ಮ್ಯಾನೇಜರ್. ಕಾರ್ಖಾನೆಯ ಹೆಂಗಸರು ಅವನನ್ನು ಕರೆಯುವುದು ‘ಇಸ್ತ್ರಿ’ ಎಂದು. ಅಂಗಿಯಲ್ಲಿ ಒಂದು ಮಡಿಕೆ ಇಲ್ಲ, ಮುಖದಲ್ಲಿ ಒಂದು ಗೆರೆ ಇಲ್ಲ, ಮಾತಿನಲ್ಲಿ ಎಲ್ಲೂ ಕೈಗೆ ತೊಡರುವ ಒಂದು ಗಂಟಿಲ್ಲ. ಎಂಥ ಸುಕ್ಕು ಬಿದ್ದ ವಿಷಯದ ಮೇಲೂ ಬಿಸಿಯಾಗಿ ಹಾದು ಹೋಗಿ ಸಾಪು ಮಾಡಿಬಿಡುತ್ತಿದ್ದ. ಡಬ್ಬಿ ಬಂದ ಮಾರನೆಯ ದಿನ ಅವಳು ಧೈರ್ಯ ಮಾಡಿ ಅವನ ಕೋಣೆಗೆ ಹೋಗಿದ್ದಾಗಲೂ ಹಾಗೇ ಆಗಿತ್ತು.

‘ಸುಳ್ಳು ಅಂತ ಯಾಕೆ ಅಂದ್ಕೋತೀರಿ ಮೇಡಂ?’ ಎಂದಿದ್ದ. ‘ಯಾರೋ ಮಾಡೆಲ್‌ನ ತಂದು ಹಾಕಿದ್ರೆ ಅದು ಸುಳ್ಳು. ನೀವಿಬ್ರೂ ಒಂದೇ ತಾಯಿ ಮಕ್ಕಳು, ಒಂದೇ ಅಚ್ಚು. ಅವರು ಬೇರೆ, ನೀವು ಬೇರೆ ಅಂತ ನಾನು ನೋಡೇ ಇಲ್ಲ. ಅಲ್ದೆ ಅವರ ನೆನಪೂ ಉಳಿದ ಹಾಗಾಯ್ತಲ್ಲ? ಎಷ್ಟು ಜನಕ್ಕೆ ಆ ಭಾಗ್ಯ ಇದೆ ಹೇಳಿ.’ ಆಮೇಲೆ, ಎದ್ದು ನಿಂತವಳಿಗೆ, ಬಾಗಿಲ ಹತ್ತಿರ: ‘ಬಣ್ಣ ನೋಡೋಕೆ ಯಂತ್ರ ಬರ್ತಾ ಇದೆ, ಗೊತ್ತಲ್ಲ? ಯಾರನ್ನ ಉಳಿಸ್ಕೋಬೇಕು ಅಂತ ನನ್ನ ಕೇಳ್ತಾರೆ. ಸಭೇಲಿ ಐದು ನಿಮಿಷ ನಿಂತು ಎರಡು ಮಾತು ಹೇಳಿಬಿಡಿ. ನಿಮ್ಮ ಹೆಸರು ನಾನೇ ಬರೀತೀನಿ.’

ಅವಳು ಒಪ್ಪಿಕೊಂಡಿದ್ದಳು. ಕೆಲಸ ಹೋದರೆ ಹುಡುಗಿಯ ಓದು ನಿಲ್ಲುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಅದು ನಿಜವೂ ಹೌದು. ಆದರೆ ‘ನೆನಪು ಉಳಿದ ಹಾಗೆ’ ಎಂಬ ಅವನ ಮಾತು, ಸುಳ್ಳನೆಂದು ಗೊತ್ತಿದ್ದವನ ಬಾಯಿಂದ ಬಂದರೂ, ಬಾಯಾರಿದವಳ ನಾಲಿಗೆಗೆ ನೀರು ಬಿದ್ದಂತೆ ಬಿದ್ದಿತ್ತು.

ಹಿಂದಿನ ಕೋಣೆಯಲ್ಲಿ ಸುತ್ತ ದೀಪಗಳಿದ್ದ ಕನ್ನಡಿ. ಮೇಕಪ್ಪಿನವಳು ದಪ್ಪನೆಯ ಹೆಂಗಸು, ಬಾಯಿ ತುಂಬ ಮಾತು, ಬೆರಳುಗಳು ಮಾತ್ರ ಹತ್ತಿಯಂತೆ. ಡಬ್ಬಿಯನ್ನು ಕನ್ನಡಿಗೆ ಒರಗಿಸಿಟ್ಟು, ಅದನ್ನೂ ಇವಳನ್ನೂ ಸರದಿಯಂತೆ ನೋಡುತ್ತಿದ್ದಳು.

‘ಈ ಬಲಗಡೆಯವರ ಥರ ಮಾಡ್ಬೇಕಂತೆ ನಿಮ್ಮನ್ನ. ಗುಳಿಗೆ ಕೆಲಸ ಮಾಡಿದ್ರೆ ನನಗ್ಯಾಕೆ ಹೇಳಿಕಳಿಸ್ತಿದ್ರು, ಅಲ್ವಾ?’ ಎಂದು ನಕ್ಕಳು. ‘ಬೇಜಾರಾಗ್ಬೇಡಿ. ಕಣ್ಮುಚ್ಚಿ.’

ಅವಳು ಕಣ್ಣು ಮುಚ್ಚಿದಳು. ತಣ್ಣಗೆ ಏನೋ ಹಣೆಯ ಮೇಲೆ ಹರಡಿತು. ಇಷ್ಟು ಮೆತ್ತಗೆ ತನ್ನ ಮುಖವನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಯಿತು? ಕೊನೆಗೆ ಮುಟ್ಟಿದ್ದು ತಂಗಿಯ ಕೈ. ಆಸ್ಪತ್ರೆಯ ಮಂಚದಿಂದ ಕೈ ಎತ್ತಿ, ಕಂದು ಇನ್ನೂ ಹೋಗದ ಅಂಗೈಯಿಂದ ಅಕ್ಕನ ಕೆನ್ನೆ ಒರೆಸಿ, ‘ಅಳ್ಬೇಡ, ನಿನ್ನ ಮೂಗು ಕೆಂಪಾದ್ರೆ ಚೆನ್ನಾಗಿ ಕಾಣಲ್ಲ’ ಎಂದದ್ದು. ಅದಕ್ಕೆ ಒಂದು ವರ್ಷದ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಇದೇ ಕೈ ಅವಳ ಕೈಯನ್ನು ಹಿಡಿದು ತನ್ನ ಕೊರಳ ಬುಡಕ್ಕೆ ಒತ್ತಿಕೊಂಡಿತ್ತು. ‘ಇಲ್ಲಿ ನೋಡಕ್ಕಾ. ಬಟಾಣಿ ಕಾಳಿನ ಥರ ಏನೋ ಇದೆ.’ ಇತ್ತು. ಡಾಕ್ಟರಿಗೆ ತೋರಿಸು ಎಂದಳು ಅಕ್ಕ. ರಜೆ ಕೊಡಲ್ಲ, ಸರದಿ ಉದ್ದ, ಪುಟ್ಟಿಯ ಪರೀಕ್ಷೆ ಮುಗಿಯಲಿ ಎಂದಳು ತಂಗಿ. ಆಗ ಇವಳ ಬಾಯಿಂದ ಬಂದ ಮಾತು: ‘ಹಾಗಾದ್ರೆ ಅಲ್ಲಿವರೆಗೆ ಇದನ್ನ ತಗೊ.’ ಯಂತ್ರದಲ್ಲಿ ತಗ್ಗು ಬಿದ್ದು ಬೇರ್ಪಡಿಸಿದ ಗುಳಿಗೆಗಳು, ನಾಶ ಮಾಡಬೇಕಾದವು, ಅವಳ ಮೇಜಿನ ಕೆಳಗೆ ಬಾಟಲಿಯಲ್ಲಿದ್ದವು. ದಿನಕ್ಕೆ ಎರಡು. ನೇರಳೆ ಹಳದಿಯಾದದ್ದನ್ನು ತಂಗಿ ಕಣ್ಣಾರೆ ಕಂಡಿದ್ದಳಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ನುಂಗಿ, ‘ಇವತ್ತು ಸ್ವಲ್ಪ ಸಣ್ಣಗಾದ ಹಾಗಿದೆ ಅಲ್ವಾ?’ ಎಂದು ಕೊರಳು ತೋರಿಸುತ್ತಿದ್ದಳು. ‘ಹ್ಞೂಂ, ಆದ ಹಾಗಿದೆ’ ಎನ್ನುತ್ತಿದ್ದಳು ಅಕ್ಕ. ಪರೀಕ್ಷೆ ಮುಗಿಯಿತು, ರಜೆ ಬಂತು, ಹೋಯಿತು. ‘ಅಲ್ಲಿವರೆಗೆ’ ಎನ್ನುವುದು ಬೆಳೆಯುತ್ತಲೇ ಹೋಯಿತು. ಕೊನೆಗೆ ಡಾಕ್ಟರು, ಮೇಜಿನಾಚೆಯಿಂದ, ‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಎಂದು ಕೇಳಿದಾಗ ಇವಳು ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಮಡಿಸತೊಡಗಿದ್ದಳು. ತಂಗಿಯೇ ಹೇಳಿದಳು: ‘ಕೆಲಸ ಇತ್ತು ಸಾರ್.’ ಗುಳಿಗೆಯ ಮಾತನ್ನು ಅವಳು ಎತ್ತಲಿಲ್ಲ. ಅಲ್ಲೂ ಎತ್ತಲಿಲ್ಲ, ಆಮೇಲೆ ನಾಲ್ಕು ತಿಂಗಳು ಮಲಗಿದ್ದಾಗಲೂ ಎತ್ತಲಿಲ್ಲ. ಒಂದು ಸಲ ಬೈದುಬಿಟ್ಟಿದ್ದರೆ!

‘ಮೇಡಂ, ಕಣ್ಣೀರು ಬಂದ್ರೆ ಎಲ್ಲ ಹರ್ಕೊಂಡು ಹೋಗುತ್ತೆ, ಆಮೇಲೆ ನನ್ನ ಕೇಳ್ಬೇಡಿ’ ಎಂದಳು ಮೇಕಪ್ಪಿನವಳು. ಅಷ್ಟರಲ್ಲಿ ಡಬ್ಬಿಯನ್ನು ಹತ್ತಿರ ತಂದು ಕಣ್ಣು ಕಿರಿದು ಮಾಡಿದಳು. ‘ಅರೆ, ಗದ್ದದ ಹತ್ರ ಮಚ್ಚೆ ಇದೆಯಲ್ಲ ಇಲ್ಲಿ. ನಿಮಗಿಲ್ಲ. ಎಡಗಡೆ ಫೋಟೋದಲ್ಲೂ ಇಲ್ಲ. ಸುಕ್ಕು ಹೋಗುತ್ತೆ ಅಂದ್ರೆ ಸರಿ, ಮಚ್ಚೆ ಬೇರೆ ಬರುತ್ತಾ?’ ತನ್ನ ಮಾತಿಗೆ ತಾನೇ ನಗುತ್ತ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಗದ್ದದ ಎಡಕ್ಕೆ ಒಂದು ಚುಕ್ಕೆ ಇಟ್ಟಳು. ‘ಹ್ಞಾಂ. ಈಗ ನೋಡ್ಕೊಳಿ.’

ಅವಳು ನೋಡಿದಳು.

ಡಬ್ಬಿಯ ಮೇಲಿದ್ದವಳಿಗೆ ಮೂವತ್ತೇಳು. ಸಾಯುವಾಗ ನಲವತ್ತೊಂದು. ಕನ್ನಡಿಯಲ್ಲಿ ಬಂದು ಕೂತವಳು ಅವರಿಬ್ಬರೂ ಆಗಿರಲಿಲ್ಲ. ಬಣ್ಣ ಅವಳ ಐವತ್ತಮೂರನ್ನು ಪೂರ್ತಿ ಮುಚ್ಚಲಾರದೆ ನಡುವೆ ಎಲ್ಲೋ ನಿಂತುಬಿಟ್ಟಿತ್ತು. ಕಣ್ಣಿನ ಕೆಳಗೆ ಒಂದಿಷ್ಟು ದಣಿವು ಉಳಿದಿತ್ತು, ಬಾಯಿಯ ಕೊನೆಯಲ್ಲಿ ಎರಡು ಗೆರೆ. ಬದುಕಿದ್ದರೆ ಈ ವರ್ಷ ತಂಗಿಗೆ ನಲವತ್ತೈದು. ನಲವತ್ತೈದರ ತಂಗಿಯನ್ನು ಯಾರೂ ಕಂಡಿಲ್ಲ, ಅವಳ ಮಗಳೂ ಕಂಡಿಲ್ಲ. ಇಗೋ, ಹೀಗಿರುತ್ತಿದ್ದಳು. ಕೆನ್ನೆ ಇಷ್ಟು ಇಳಿದಿರುತ್ತಿತ್ತು. ಕನ್ನಡಕ ಬಂದಿರುತ್ತಿತ್ತು, ಅದನ್ನು ಎಲ್ಲೋ ಇಟ್ಟು ಮನೆಯೆಲ್ಲ ಹುಡುಕುತ್ತಿದ್ದಳು, ಅಕ್ಕನ ಮೇಲೆ ಹಾರಾಡುತ್ತಿದ್ದಳು. ವಯಸ್ಸಾಗದಿರಲಿ ಎಂದು ಜನ ಗುಳಿಗೆ ನುಂಗುತ್ತಾರೆ. ಈ ಒಂದು ಮುಖಕ್ಕೆ ವಯಸ್ಸಾಗುವುದನ್ನು ನೋಡಲು ಅವಳು ಏನು ಬೇಕಾದರೂ ಕೊಟ್ಟಾಳು. ಒಂದೊಂದು ಬಿಳಿ ಕೂದಲನ್ನೂ ಎಣಿಸಿಯಾಳು. ಅವಳು ಉಸಿರು ಬಿಗಿಹಿಡಿದು ಕೂತಳು. ಉಸಿರಾಡಿದರೆ ತಂಗಿ ಎದ್ದು ಹೋಗಿಬಿಡುವಳೆಂಬಂತೆ. ಇದಕ್ಕಾಗಿಯೇ ತಾನು ಒಪ್ಪಿದ್ದು, ಕೆಲಸಕ್ಕಲ್ಲ, ಹುಡುಗಿಗಲ್ಲ, ಇದಕ್ಕೆ ಎಂದು ಆಗ ಹೊಳೆಯಿತು. ಐದು ನಿಮಿಷ ಇವಳಾಗಿ ನಿಂತುಬಿಡಬೇಕು. ನಾನೇ ಇವಳು ಎಂದುಬಿಟ್ಟರೆ, ಸತ್ತವರು ಯಾರು?

ಬಾಗಿಲು ತಟ್ಟಿ ಇಸ್ತ್ರಿ ಒಳಗೆ ಬಂದ. ಕನ್ನಡಿಯಲ್ಲಿ ನೋಡಿ ‘ವಾಹ್’ ಎಂದ. ಆಚೆ ಹಾಲಿನಲ್ಲಿ ಮೈಕು ಕೊಯ್ಯೆಂದು ಸುಮ್ಮನಾಯಿತು.

‘ಇನ್ನು ಹತ್ತು ನಿಮಿಷ. ಎಲ್ಲಿ, ಒಂದ್ಸಲ ಹೇಳಿಬಿಡಿ ಮೇಡಂ, ನಾಲಿಗೆ ತಿರುಗ್ಲಿ. “ಬಲಗಡೆ ಇರೋದು ನಾನೇ. ಆರು ತಿಂಗಳು, ದಿನಕ್ಕೆ ಎರಡು ಗುಳಿಗೆ ತಗೊಂಡೆ.” ಅಷ್ಟೇ. ಕೊನೇಲಿ ಒಂದು ನಗು.’

‘ಬಲಗಡೆ ಇರೋದು’ ಎಂದು ಅವಳು ಶುರು ಮಾಡಿದಳು. ಕನ್ನಡಿಯಲ್ಲಿ ತಂಗಿಯ ತುಟಿ ಅಲುಗಿತು. ತಂಗಿಯ ಬಾಯಿಂದಲೇ ತಂಗಿ ಇರಲಿಲ್ಲವೆಂದು ಹೇಳಿಸುವುದು. ಡಾಕ್ಟರ ಮುಂದೆ ಒಂದು ಸಲ ಹೇಳಿಸಿಯಾಗಿತ್ತು, ಅಕ್ಕನಿಗಾಗಿ ಒಂದು ಸುಳ್ಳು. ಇದು ಎರಡನೆಯದು.

‘ಹ್ಞಾಂ, ನಾನೇ’ ಎಂದು ಅವನು ಎತ್ತಿಕೊಟ್ಟ. ‘ಆರು ತಿಂಗಳು...’

‘ಹನ್ನೊಂದು’ ಎಂದಳು.

‘ಏನು?’

‘ಹನ್ನೊಂದು ತಿಂಗಳು. ದಿನಕ್ಕೆ ಎರಡು, ಅದು ಸರಿ. ತಗೊಂಡೋಳು ನನ್ನ ತಂಗಿ. ಕೊಟ್ಟೋಳು ನಾನು. ಕೊರಳಲ್ಲಿ ಗಂಟಿತ್ತು ಅವಳಿಗೆ. ಡಾಕ್ಟರ ಹತ್ರ ಹೋಗೋವರೆಗೆ ಇದನ್ನ ತಗೊ ಅಂದೆ.’ ನಾಲ್ಕು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಇಷ್ಟು ಸಣ್ಣ ಮಾತುಗಳಲ್ಲಿ ಹೊರಬಿದ್ದದ್ದು ಕೇಳಿ ಅವಳಿಗೇ ಆಶ್ಚರ್ಯವಾಯಿತು. ‘ನಾನು ಹೇಳಿದ್ದು ಅಂತ ಅವಳು ತಗೊಂಡ್ಲು ಸಾರ್. ನಾನು ಬಿಳಿ ಕೋಟು ಹಾಕ್ಕೋತಿದ್ನಲ್ಲ.’

ಮೇಕಪ್ಪಿನವಳ ಕೈ ಪೆಟ್ಟಿಗೆಯ ಮೇಲೆ ನಿಂತಿತು. ಇಸ್ತ್ರಿ ಹಿಂದೆ ಕೈ ಚಾಚಿ ಬಾಗಿಲು ಹಾಕಿದ. ಅವನ ಹಣೆಯ ಮೇಲೆ, ಅಷ್ಟು ವರ್ಷದಲ್ಲಿ ಮೊದಲ ಸಲ, ಒಂದು ಗೆರೆ ಎದ್ದಿತ್ತು.

‘ಇದನ್ನ ಇನ್ಯಾರಿಗೆ ಹೇಳಿದೀರಿ?’

‘ಯಾರಿಗೂ ಇಲ್ಲ. ಇವತ್ತು ಮನೆಗೆ ಹೋಗಿ ಅವಳ ಮಗಳಿಗೆ ಹೇಳ್ತೀನಿ. ಅವಳೇನು ಮಾಡ್ತಾಳೋ ಮಾಡ್ಲಿ.’

‘ಮೇಡಂ, ಕೇಳಿ ಇಲ್ಲಿ.’ ದನಿ ಮತ್ತೆ ಬಿಸಿಯಾಗಿ, ನಯವಾಗಿ ಬಂತು. ‘ನಿಮಗೆ ಸುಸ್ತಾಗಿದೆ. ತಪ್ಪಿಲ್ಲ. ನಿಮಗೆ ತಲೆಸುತ್ತು ಬಂತು ಅಂತ ನಾನು ಹೇಳ್ತೀನಿ, ಸ್ಟೇಜು ಬೇಡ. ನಿಮ್ಮ ಕೆಲಸಕ್ಕೂ ಏನೂ ಆಗಲ್ಲ, ನಾನಿದೀನಿ. ಈ ಮುಖದಲ್ಲಿ ಹಾಲಿನೊಳಗೆ ಮಾತ್ರ ಬರಬೇಡಿ, ಜನ ಗುರುತು ಹಿಡೀತಾರೆ, ಮಾತಾಡಿಸ್ತಾರೆ. ಮುಖ ತೊಳ್ಕೊಂಡು, ಈ ಹಿಂದಿನ ಬಾಗಿಲಿಂದ ಮನೆಗೆ ಹೋಗಿ.’ ಮೇಕಪ್ಪಿನವಳ ಕಡೆಗೆ ತಿರುಗಿದ. ‘ಒರೆಸ್ರೀ ಬೇಗ.’

ಮೇಕಪ್ಪಿನವಳು ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿದಳು. ಹತ್ತಿರ ಬಂದಳು. ಹತ್ತಿ ಹಿಡಿದ ಆ ಕೈಯನ್ನು ಇವಳು ಮೆಲ್ಲಗೆ, ಬಿಸಿ ಪಾತ್ರೆಯನ್ನು ಸರಿಸುವಂತೆ, ಪಕ್ಕಕ್ಕೆ ಸರಿಸಿ ಎದ್ದು, ಹಾಲಿನ ಬಾಗಿಲಿಗೆ ಮುಖ ಮಾಡಿ ನಿಂತಳು. ಆಚೆ ಇನ್ನೂರು ಕುರ್ಚಿಗಳ ಗದ್ದಲ ಕೇಳಿಸುತ್ತಿತ್ತು.

‘ಒರೆಸಲ್ಲ’ ಎಂದಳು. ‘ಹಿಂದಿನ ಬಾಗಿಲಿಂದಾನೂ ಹೋಗಲ್ಲ.’